ಇತ್ತ ನಾನು ಕ್ಷೇಮ: ಫೌಜಿನ ಹುಡುಗರ ಪತ್ರ, ಮನೆಯವರ ಉತ್ತರ

ಬೆಳಗಾವಿ: ಬೈಲಹೊಂಗಲ, ಗೋಕಾಕ, ಹುಕ್ಕೇರಿ, ಖಾನಾಪುರ, ಯಾವ ಕಡೆಯ ಬಸ್ಸಾದರೂ ಹತ್ತಿ ನೋಡಿ. ಪಕ್ಕದ ಸೀಟಿನವರ ಜೊತೆ ನಾಲ್ಕು ಮಾತಾಡಿದರೆ ಸಾಕು, ಅವರ ಮಗನೋ ಅಳಿಯನೋ ಅಕ್ಕನ ಮಗನೋ ಮಿಲಿಟ್ರಿಯಲ್ಲಿರುತ್ತಾನೆ. ಗಡಿಯಲ್ಲಿ ನಿಂತ ಯೋಧನ ಸುದ್ದಿ ದೊಡ್ಡ ಪೇಪರುಗಳಲ್ಲಿ ಬರುತ್ತದೆ. ಆದರೆ ಇನ್ನೂ ಯೋಧ ಅನ್ನಿಸಿಕೊಳ್ಳದ, ತಲೆ ಬೋಳಿಸಿಕೊಂಡು ಟ್ರೇನಿಂಗ್ ಸೆಂಟರಿನಲ್ಲಿ ಬೆಳಗಿನ ಜಾವ ಓಡುತ್ತಿರುವ ರಿಕ್ರೂಟ್ ಹುಡುಗನ ಸುದ್ದಿ ಯಾರಿಗೂ ಬೇಡ. ಅವನ ಸುದ್ದಿ ಬೇಕಾಗಿರುವುದು ಮನೆಯವರಿಗೆ ಮಾತ್ರ. ಅವರಿಗೆ ಅದು ಎಷ್ಟು ಬೇಕು, ಹೇಗೆ ಬರುತ್ತದೆ, ಬರದಿದ್ದರೆ ಏನಾಗುತ್ತದೆ ಎಂಬುದನ್ನು ಕೇಳಿಕೊಂಡು ಎರಡು ವಾರ ಜಿಲ್ಲೆಯಲ್ಲಿ ತಿರುಗಿದ್ದರ ಫಲ ಈ ಬರಹ.

ನಮ್ಮ ಊರಿಗೂ ಈ ವಿಷಯಕ್ಕೂ ಹಳೇ ನಂಟು. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಬೆಳಗಾವಿಗೆ ಬಂದದ್ದು 1922ರಲ್ಲಿ. ಅಂದರೆ ನೂರು ವರ್ಷ ದಾಟಿತು. ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ಟ್ರೇನಿಂಗ್ ಸ್ಕೂಲು. ಹೊರಗಿನ ಹುಡುಗರು ಇಲ್ಲಿಗೆ ಬರುತ್ತಾರೆ, ನಮ್ಮ ಹುಡುಗರು ಹೊರಗೆ ಹೋಗುತ್ತಾರೆ. ಯಾರಿಗೆ ಯಾವ ಸೆಂಟರ್ ಎಂಬುದು ಭರ್ತಿಯಾದ ವಿಭಾಗದ ಮೇಲೆ. ಮದ್ರಾಸ್ ಸ್ಯಾಪರ್ಸ್ ಅಂದರೆ ಬೆಂಗಳೂರು. ಮದ್ರಾಸ್ ರೆಜಿಮೆಂಟ್ ಅಂದರೆ ನೀಲಗಿರಿಯ ವೆಲಿಂಗ್ಟನ್. ಸಿಗ್ನಲ್ಸ್ ಆದರೆ ಜಬಲ್ಪುರ, ಇ.ಎಂ.ಇ. ಆದರೆ ಸಿಕಂದರಾಬಾದು, ತೋಪಖಾನೆಯಾದರೆ ನಾಸಿಕ ಇಲ್ಲವೇ ಹೈದರಾಬಾದು. ನೌಕಾಪಡೆಗೆ ಸೇರಿದರೆ ಒಡಿಶಾದ ಚಿಲ್ಕಾ. ಅಗ್ನಿವೀರರ ಮೊದಲ ತಂಡಗಳಿಗೆ ಸೇನೆಯಲ್ಲಿ ತರಬೇತಿ 31 ವಾರ: ಹತ್ತು ವಾರ ಮೂಲ ತರಬೇತಿ, ಇಪ್ಪತ್ತೊಂದು ವಾರ ಮುಂದಿನ ತರಬೇತಿ. ಹದಿನೇಳೂವರೆ, ಹದಿನೆಂಟರ ಹುಡುಗ. ಅವನಿಗೆ ಊರ ಜಾತ್ರೆ ಬಿಟ್ಟರೆ ಬೇರೆ ಗದ್ದಲ ಗೊತ್ತಿಲ್ಲ. ಅವ್ವ ಎಬ್ಬಿಸದೆ ಒಂದು ದಿನವೂ ಎದ್ದವನಲ್ಲ.

ಅಂಥವನು ಬರೆಯುವ ಮೊದಲ ಪತ್ರ ಹೇಗಿರುತ್ತದೆ?

ನೋಡಿದ ಹಳೇ ಪತ್ರಗಳೆಲ್ಲ ಒಂದೇ ಅಚ್ಚು. ಮೇಲೆ 'ಶ್ರೀ'. ಆಮೇಲೆ 'ತೀರ್ಥರೂಪ ತಂದೆಯವರಲ್ಲಿ ನಿಮ್ಮ ಮಗನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ'. ಕನ್ನಡ ಶಾಲೆಯಲ್ಲಿ ಮಾಸ್ತರರು ಕಲಿಸಿದ ಪತ್ರಲೇಖನವೇ. ಅದರಾಚೆ ಮೂರು ವಿಷಯ: ಊಟ ಚಲೋ ಐತಿ, ಉಸ್ತಾದ ಚಲೋ ಅದಾನ, ಥಂಡಿ ಭಾಳ ಇಲ್ಲ.

ಮೂರೂ ಸುಳ್ಳು ಅನ್ನುತ್ತಾರೆ ಹಳೇ ಸೈನಿಕರು! ಉಸ್ತಾದ ಅಂದರೆ ಡ್ರಿಲ್ ಕಲಿಸುವವನು. ಮೊದಲ ತಿಂಗಳು ಅವನು ರಿಕ್ರೂಟನ ಪಾಲಿಗೆ ಯಮ. ತಪ್ಪು ಮಾಡಿದರೆ 'ರಗಡಾ'. ಅಂದರೆ ಮೈದಾನ ಸುತ್ತಿಸುವುದು, ಉರುಳಿಸುವುದು, ಕಪ್ಪೆಯಂತೆ ಕುಪ್ಪಳಿಸುವುದು. ಲಂಗರಿನಲ್ಲಿ (ಅಡಿಗೆಮನೆಗೆ ಫೌಜಿನಲ್ಲಿ ಅದೇ ಹೆಸರು) ಚಪಾತಿ, ದಾಲು ಹೊಟ್ಟೆ ತುಂಬ ಸಿಗುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಜೋಳದ ರೊಟ್ಟಿ, ಪುಂಡಿಪಲ್ಲೆ ತಿಂದು ಬೆಳೆದ ಬಾಯಿಗೆ ಅದು ಒಗ್ಗುವುದಕ್ಕೆ ತಿಂಗಳು ಬೇಕು. ಹುಕುಂ ಎಲ್ಲ ಹಿಂದಿಯಲ್ಲಿ. ನಮ್ಮ ಹುಡುಗ 'ದಾಹಿನೆ' ಯಾವುದು 'ಬಾಯೇಂ' ಯಾವುದು ಅಂತ ತಿಳಿಯುವಷ್ಟರಲ್ಲಿ ಉಳಿದವರೆಲ್ಲ ತಿರುಗಿ ನಿಂತಿರುತ್ತಾರೆ.

ಇದೆಲ್ಲ ಪತ್ರದಲ್ಲಿ ಬರುವುದಿಲ್ಲ. ಮನೆಯ ಕಡೆಯಿಂದ ಹೋಗುವ ಉತ್ತರದಲ್ಲೂ ಬೋರಿನ ನೀರು ಬತ್ತಿದ್ದು, ಅಪ್ಪನಿಗೆ ಮೊಣಕಾಲು ನೋವು ಬಂದದ್ದು, ಸೊಸೈಟಿಯಿಂದ ನೋಟೀಸು ಬಂದದ್ದು ಇರುವುದಿಲ್ಲ. ಎರಡೂ ಕಡೆಯವರು ಸುಳ್ಳು ಬರೆಯುತ್ತಾರೆ, ಎರಡೂ ಕಡೆಯವರಿಗೂ ಅದು ಗೊತ್ತಿರುತ್ತದೆ, ಆದರೂ ಪತ್ರ ಬರದಿದ್ದರೆ ಊಟ ಸೇರುವುದಿಲ್ಲ.

ಅಂಗಡಿಯವರ ಕಥೆ

ಈ ಸುಳ್ಳಿನ ವ್ಯವಹಾರ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಬೈಲಹೊಂಗಲ ಕಡೆಯ ಒಂದು ಹಳ್ಳಿಯ ಕಿರಾಣಿ ಅಂಗಡಿಯವರು ಹೇಳಿದ ಸಂಗತಿ ಕೇಳಿ. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕಿಲ್ಲ. ಈಗ ಅವರಿಗೆ ಎಪ್ಪತ್ತು ದಾಟಿದೆ. ಗಲ್ಲಾದ ಮೇಲೆ ಮಗ ಕೂತಿದ್ದಾನೆ, ಇವರು ಹೊರಗೆ ಕಟ್ಟೆಯ ಮೇಲೆ.

1986ರ ಮಾತು. ಅಂಗಡಿಯ ಗೋಡೆಗೇ ಕೆಂಪು ಟಪಾಲು ಡಬ್ಬಿ. ಬಟವಾಡೆಯವನು ಸೈಕಲ್ ಮೇಲೆ ಬಂದು ಓಣಿ ಓಣಿ ತಿರುಗುವ ಬದಲು ಅರ್ಧ ಪತ್ರ ಇವರ ಅಂಗಡಿಯಲ್ಲೇ ಇಟ್ಟು ಹೋಗುತ್ತಿದ್ದ. ಉಪ್ಪು, ಎಣ್ಣೆ, ಬೀಡಿಗೆ ಬಂದವರು ಪತ್ರ ಒಯ್ಯುವುದು, ಓದಲು ಬಾರದವರು ಅಲ್ಲೇ ಓದಿಸಿಕೊಳ್ಳುವುದು. ಓದಿ ಹೇಳುವುದಕ್ಕೆ ಸಾವಕಾರ್ರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಪತ್ರ ಓದಿಸಲು ಬಂದವರು ಬರಿಗೈಲಿ ಹೋಗುವುದಿಲ್ಲವಲ್ಲ, ಅರ್ಧ ಸೇರು ಬೆಲ್ಲವನ್ನಾದರೂ ಒಯ್ಯುತ್ತಾರೆ. ವ್ಯಾಪಾರಸ್ಥರಾದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಒಬ್ಬ ವಿಧವೆಯ ಒಬ್ಬನೇ ಮಗ ಸಿಗ್ನಲ್ಸಿಗೆ ಸೇರಿ ಜಬಲ್ಪುರದಲ್ಲಿದ್ದ. ಒಂದೆಕರೆ ಹೊಲ, ಒಂದು ಎಮ್ಮೆ. ಮಗನ ಮನಿ ಆರ್ಡರು ಬಂದ ಮೇಲೆ ಚುಕ್ತಾ ಅಂತ ಆಕೆ ಅಂಗಡಿಯಲ್ಲಿ ಉದ್ರಿ ಹಚ್ಚಿದ್ದಳು. ಐದನೇ ತಿಂಗಳಲ್ಲಿ ಒಂದು ಇನ್‌ಲ್ಯಾಂಡ್ ಬಂತು. ಸಾವಕಾರ್ರು ಎಂದಿನಂತೆ ಒಡೆದು ಗಟ್ಟಿಯಾಗಿ ಓದತೊಡಗಿದರು. ನಮಸ್ಕಾರ ಆಯಿತು, ಕ್ಷೇಮ ಆಯಿತು. ಮೂರನೇ ಸಾಲಿನಲ್ಲಿ ಕಾಲಿನ ಎಲುಬು ಬಿರುಕು ಬಿಟ್ಟಿದೆ, ಮಿಲಿಟ್ರಿ ಆಸ್ಪತ್ರೆಯಲ್ಲಿದ್ದೇನೆ, ಬ್ಯಾಚಿನಿಂದ ಹಿಂದಕ್ಕೆ ಹಾಕಿದ್ದಾರೆ, ಕಾಲು ಸರಿಯಾಗದಿದ್ದರೆ ಬೋರ್ಡ್ ಔಟ್ ಮಾಡಿ ಊರಿಗೆ ಕಳಿಸುತ್ತಾರಂತೆ.

"ಒಂದ್ ಕ್ಷಣ ನಿಂತೆ ನೋಡ್ರಿ," ಅಂದರು ಸಾವಕಾರ್ರು. "ಕಣ್ಣಾಗ ಧೂಳ ಬಿದ್ದಂಗ ಮಾಡಿ ಕಣ್ಣ ಒರೆಸಿಕೊಂಡೆ. ಆಮೇಲೆ ಆ ಸಾಲು ಹಾರಿಸಿಬಿಟ್ಟೆ. ಹುಡುಗ ಆರಾಮ ಅದಾನ ಯಕ್ಕಾ, ಪರೇಡ್ ಸ್ವಲ್ಪ ಮುಂದ ಹೋಗೇತಂತ ಅಂದೆ."

ಆಕೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಓದಿಸಿಕೊಂಡಳು. ಸಾವಕಾರ್ರು ಇನ್ನೊಮ್ಮೆಯೂ ಹಾರಿಸಿದರು. ಉತ್ತರ ಬರೆಸಿದಳು: ಎಮ್ಮೆ ಈದೇತಿ, ಹೆಣಗರು ಹಾಕೇತಿ, ಹಾಲು ಡೈರಿಗೆ ಹಾಕಾಕತ್ತೀನಿ, ನೀ ಚಿಂತಿ ಮಾಡಬ್ಯಾಡ. ಆಕೆ ಹೋದ ಮೇಲೆ ಇನ್‌ಲ್ಯಾಂಡಿನ ಕೆಳಗಿನ ಮಡಿಕೆಯಲ್ಲಿ ಇವರು ತಮ್ಮ ಎರಡು ಸಾಲು ಸೇರಿಸಿದರು: ನಿಮ್ಮ ತಾಯಿಗೆ ಹೇಳಿಲ್ಲ, ನೀನು ಕಾಲು ಸರಿಮಾಡಿಕೋ, ಇಲ್ಲಿಯದು ನನಗೆ ಬಿಡು.

ಅಲ್ಲಿಂದ ಮುಂದೆ ಪತ್ರಗಳು ಎರಡು ಭಾಗವಾದವು. ಮೇಲಿನದು ಅವ್ವನಿಗೆ, ಕೆಳಗಿನ ಮಡಿಕೆ ಸಾವಕಾರ್ರಿಗೆ. ಮೇಲೆ 'ಊಟ ಚಲೋ ಐತಿ'. ಕೆಳಗೆ 'ಪ್ಲಾಸ್ಟರ್ ತೆಗೆದರು', 'ನಡೆಸುತ್ತಿದ್ದಾರೆ', 'ಮುಂದಿನ ಬ್ಯಾಚಿಗೆ ಹಾಕಿದರು'. ನಾಲ್ಕು ತಿಂಗಳು ಹೀಗೇ ನಡೆಯಿತು. ಇದರಲ್ಲಿ ತಮ್ಮ ಸ್ವಾರ್ಥವೂ ಇತ್ತು ಅನ್ನುವುದನ್ನು ಸಾವಕಾರ್ರು ಮುಚ್ಚಿಡಲಿಲ್ಲ. ಹುಡುಗ ಬೋರ್ಡ್ ಔಟ್ ಆದರೆ ಇವರ ಉದ್ರಿಯೂ ಔಟ್. ಬೇರೆಯವರಾಗಿದ್ದರೆ ಅಂದೇ ವಹಿ ಮುಚ್ಚುತ್ತಿದ್ದರು. ಇವರು ಮುಚ್ಚಲಿಲ್ಲ. ಮುಚ್ಚಿದರೆ ಯಾಕೆ ಅಂತ ಆಕೆಗೆ ಹೇಳಬೇಕಾಗುತ್ತಿತ್ತು!

ಹುಡುಗ ಮುಂದಿನ ಬ್ಯಾಚಿನಲ್ಲಿ ಪಾಸಾಗಿ, ಕಸಂ ತೆಗೆದುಕೊಂಡು, ಟ್ರಂಕು ಹೊತ್ತು ಸುಟಿಗೆ ಬಂದ. ಮೊದಲು ಅಂಗಡಿಗೆ ಬಂದು ಸಾವಕಾರ್ರ ಕಾಲು ಮುಟ್ಟಿದ. ಆಗ ಆಕೆ ಹಿಂದೆಯೇ ನಿಂತವಳು ಹೇಳಿದ್ದು: "ಸಾವಕಾರ, ನೀವು ಆವತ್ತ ತಡದ್ರಲ್ಲ, ಆಗಲೇ ನಂಗ ಗೊತ್ತಾತು. ಮರುದಿನಾನs ಸಾಲಿ ಮಾಸ್ತರ ಹಂತ್ಯಾಕ ಒಯ್ದು ಪೂರಾ ಓದಿಸಿದ್ದೆ."

ಹಾಗಾದರೆ ಯಾಕೆ ಹೇಳಲಿಲ್ಲ ಬೇ? ಅಂದರಂತೆ ಇವರು.

"ಹೇಳಿದ್ರ ಉದ್ರಿ ಬಂದ್ ಮಾಡ್ತೀರಿ ಅಂತ ಸುಮ್ಮಕಿದ್ದೆ."

ಈ ಮಾತು ಹೇಳಿ ಸಾವಕಾರ್ರು ನಕ್ಕದ್ದಕ್ಕೆ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಪಿಯುಸಿ ಪೂರ್ತಿ ಮಾಡದ ಈ ವರದಿಗಾರನಿಗೆ ಒಂದೇ ತೋಚಿದ್ದು: ಪತ್ರ ಓದಿ ಹೇಳುವವರು ಸಾಲು ಹಾರಿಸಬಾರದು. ಪರರ ಪತ್ರ ಪರರದೇ. ಆದರೆ ಅಂದು ಆ ಗಲ್ಲಾದ ಹಿಂದೆ ನಾನು ಕೂತಿದ್ದರೆ ಹಾರಿಸದೆ ಇರುತ್ತಿದ್ದೆನೇ ಎಂದು ಕೇಳಿದರೆ ಉತ್ತರವಿಲ್ಲ.

ಕೂಪನ್ನು, ತಂತಿ

ಮನಿ ಆರ್ಡರು ಅಂದೆನಲ್ಲ, ಅದರ ಫಾರಂ ಕೆಳಗೆ ಒಂದು ಕೂಪನ್ನು ಇರುತ್ತಿತ್ತು, ನೆನಪಿದೆಯೇ? ಹಣ ಕಳಿಸಿದವನು ನಾಲ್ಕು ಸಾಲು ಬರೆಯುವಷ್ಟು ಜಾಗ. ನೂರಕ್ಕೆ ಐದು ರೂಪಾಯಿ ಕಮಿಷನ್ ಕೊಟ್ಟ ಮೇಲೆ ಆ ಜಾಗ ಯಾಕೆ ಖಾಲಿ ಬಿಡಬೇಕು? 'ಹಣ ಮುಟ್ಟಿದ್ದಕ್ಕೆ ಬರೆಯಿರಿ. ತಂಗಿಗೆ ಪುಸ್ತಕ ಕೊಡಿಸಿ. ಎತ್ತು ಮಾರಬೇಡಿ.' ಬಟವಾಡೆಯವನು ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿ ಹಾಕಿಸಿಕೊಂಡು, ನೋಟು ಎಣಿಸಿ, ಕೂಪನ್ನು ಹರಿದು ಕೊಟ್ಟು ಹೋಗುತ್ತಿದ್ದ. ಹುಕ್ಕೇರಿ ಕಡೆಯ ಒಬ್ಬ ಅಜ್ಜಿ ಆ ಕೂಪನ್ನುಗಳನ್ನೆಲ್ಲ ದಾರಕ್ಕೆ ಪೋಣಿಸಿ ಜಂತಿಗೆ ನೇತುಹಾಕಿದ್ದಾರೆ. ಮಗ ಸುಬೇದಾರನಾಗಿ ಪೆನ್ಷನ್ ಬಂದು ಮನೆಯಲ್ಲೇ ಇದ್ದಾನೆ. ಕೂಪನ್ನು ಬಿಸಾಕು ಅಂದರೆ ಅಜ್ಜಿ ಕೇಳುವುದಿಲ್ಲ.

ತಂತಿಯ ಕಥೆ ಬೇರೆ. ಊರಿಗೆ ತಂತಿ ಬಂತೆಂದರೆ ಒಡೆಯುವ ಮೊದಲೇ ಹೆಂಗಸರು ಅಳುವುದಕ್ಕೆ ಶುರು ಮಾಡುತ್ತಿದ್ದರು. ಇತ್ತಕಡೆಯಿಂದ ಅತ್ತ ಹೋಗುತ್ತಿದ್ದ ತಂತಿಯಲ್ಲಿ ಹೆಚ್ಚಿನವು 'ತಾಯಿಗೆ ಸೀರಿಯಸ್, ಕೂಡಲೇ ಹೊರಡು'. ಹಬ್ಬದ ಹೊತ್ತಿಗೆ, ಮದುವೆಯ ಹೊತ್ತಿಗೆ, ಬಿತ್ತನೆಯ ಹೊತ್ತಿಗೆ ನಮ್ಮ ಜಿಲ್ಲೆಯ ತಾಯಂದಿರಿಗೆಲ್ಲ ಒಮ್ಮೆಲೇ ಸೀರಿಯಸ್ ಆಗುತ್ತಿತ್ತು! ಮೇಲಿನ ಸಾಹೇಬರೇನು ದಡ್ಡರೇ? ಊರಿನ ಪೊಲೀಸರ ಖಾತ್ರಿ ತರಿಸಿರಿ ಅನ್ನುತ್ತಿದ್ದರಂತೆ. ಇದರಿಂದ ನಿಜವಾಗಿ ತಾಯಿ ಸಾಯುತ್ತಿದ್ದವನಿಗೂ ಸುಟಿ ತಡವಾದದ್ದುಂಟು. ಒಬ್ಬ ನಿವೃತ್ತ ಹವಾಲ್ದಾರರು ತಾವು ಮನೆ ಮುಟ್ಟುವಷ್ಟರಲ್ಲಿ ಮೂರನೇ ದಿನದ ಕಾರ್ಯವೂ ಮುಗಿದಿತ್ತು ಅಂತ ಹೇಳಿ, ಮಾತು ಬದಲಿಸಿ ಚಾ ತರಿಸಿದರು. 2013ರ ಜುಲೈ 14ರ ರಾತ್ರಿ ತಂತಿ ಸೇವೆಯೇ ನಿಂತುಹೋಯಿತು.

ಕಪ್ಪು ಮೆಣಸು, ಕೆಂಪು ಮೆಣಸು

ಪತ್ರದಲ್ಲಿ ಮುಚ್ಚಿಡುವುದು ಇಂದಿನ ವಿದ್ಯೆಯಲ್ಲ. 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಹಿಂದೂಸ್ಥಾನದ ಪಲಟಣಿಗಳು ಫ್ರಾನ್ಸಿಗೆ ಹೋದಾಗ ಅವರ ಪತ್ರಗಳನ್ನು ಓದಲೆಂದೇ ಇಂಗ್ಲಿಷ್ ಸರ್ಕಾರ ಸೆನ್ಸಾರ್ ಕಚೇರಿ ತೆರೆದಿತ್ತು. ಬರೆಯಲು ಬಾರದ ಸಿಪಾಯಿಗಳು ಬರೆಯಬಲ್ಲವರಿಂದ ಬರೆಸುತ್ತಿದ್ದರು. ಸೆನ್ಸಾರಿಗೆ ಗೊತ್ತಾಗಬಾರದೆಂದು ನಮ್ಮವರಿಗೆ 'ಕಪ್ಪು ಮೆಣಸು', ಗೋರಾ ಸೋಲ್ಜರರಿಗೆ 'ಕೆಂಪು ಮೆಣಸು' ಅನ್ನುತ್ತಿದ್ದರು. ಕಪ್ಪು ಮೆಣಸು ಮುಗಿಯುತ್ತ ಬಂತು ಅಂತ ಬರೆದರೆ ಏನರ್ಥ ಅಂತ ಊರಿನವರಿಗೆ ತಿಳಿಯುತ್ತಿತ್ತು. ಸೆನ್ಸಾರ್ ಸಾಹೇಬರಿಗೂ ತಿಳಿಯಿತು ಅನ್ನಿ, ಇಲ್ಲದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು! ಅವರು ಮಾಡಿಸಿದ ತರ್ಜುಮೆಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೂಲ ಪತ್ರ ಸೇರಿದ ಮನೆಗಳಲ್ಲಿ ಎಷ್ಟು ಉಳಿದಿವೆಯೋ ದೇವರೇ ಬಲ್ಲ.

ಅದೇ ಯುದ್ಧದಲ್ಲಿ ಮೆಸೊಪೊಟೇಮಿಯಾದ ಕುತ್ ಊರಿನಲ್ಲಿ ಸಿಕ್ಕಿಬಿದ್ದ ಫೌಜಿನಲ್ಲಿ ಮರಾಠಾ ಪಲಟಣಿಗಳೂ ಇದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ, ಆಮೇಲೆ ಶರಣಾಗತಿ, ಸೆರೆ. ಆ ತಿಂಗಳುಗಳಲ್ಲಿ ಈ ಭಾಗದ ಹಳ್ಳಿಗಳಲ್ಲಿ ಟಪಾಲಿನವನ ದಾರಿ ಕಾದವರನ್ನು ನೆನೆಸಿಕೊಳ್ಳಿ.

ಈಗಿನ ಮಿಲಿಟ್ರಿ ಟಪಾಲು ವ್ಯವಸ್ಥೆ ಅಚ್ಚುಕಟ್ಟು. ಆರ್ಮಿ ಪೋಸ್ಟಲ್ ಸರ್ವಿಸ್ ಸ್ವತಂತ್ರ ವಿಭಾಗವಾದದ್ದು 1972ರ ಮಾರ್ಚ್ 1ರಂದು. ಅದೇ ವರ್ಷ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂತು. '56 ಎ.ಪಿ.ಒ.' ಅಂತ ಬರೆದರೆ ಪತ್ರ ದಿಲ್ಲಿಯ ಮಿಲಿಟ್ರಿ ಟಪಾಲು ಕೇಂದ್ರಕ್ಕೆ, '99 ಎ.ಪಿ.ಒ.' ಅಂದರೆ ಕೋಲ್ಕತ್ತಾದ್ದಕ್ಕೆ ಹೋಗಿ, ಅಲ್ಲಿಂದ ಯುನಿಟ್ ಎಲ್ಲಿದ್ದರೆ ಅಲ್ಲಿಗೆ ಹೋಗುತ್ತದೆ. ಮಿಲಿಟ್ರಿ ಪಿನ್ ಕೋಡ್ 9ರಿಂದ ಶುರು. ಮಗ ಎಲ್ಲಿದ್ದಾನೆಂದು ಊರಿನವರಿಗೂ ಗೊತ್ತಾಗುವುದಿಲ್ಲ, ವೈರಿಗೂ ಗೊತ್ತಾಗುವುದಿಲ್ಲ. ಐವತ್ತಾರು ಅನ್ನುವುದು ಒಂದು ಊರು ಅಂತಲೇ ತಿಳಿದು, ಬಸ್ ಎಲ್ಲಿಂದ ಬಿಡುತ್ತದೆ ಎಂದು ಕೇಳಿದ ತಂದೆಯೂ ಒಬ್ಬರುಂಟು.

ಭಾನುವಾರದ ಫೋನು

ಈಗ ಯಾರ್ರೀ ಪತ್ರ ಬರೀತಾರ, ಎಲ್ಲಾ ಮೊಬೈಲು ಅನ್ನುತ್ತೀರಿ. ಅರ್ಧ ಸರಿ. ಆದರೆ ಸೆಂಟರಿಗೆ ಹೋದ ಹುಡುಗನ ಕೈಯಲ್ಲಿ ಮೊಬೈಲು ಇಪ್ಪತ್ನಾಲ್ಕು ತಾಸು ಇರುವುದಿಲ್ಲ. ಸೆಂಟರಿಂದ ಸೆಂಟರಿಗೆ ನಿಯಮ ಬೇರೆ. ಬಹುತೇಕ ಕಡೆ ಮೊಬೈಲು ಜಮಾ, ವಾರಕ್ಕೊಮ್ಮೆ, ಅದೂ ಭಾನುವಾರ, ಸ್ವಲ್ಪ ಹೊತ್ತು ಕೈಗೆ. ಮೊದಲ ವಾರಗಳಲ್ಲಿ ಅದೂ ಕಷ್ಟ. ಆ ಮೌನದಲ್ಲಿ ಮನೆಯವರು ಒದ್ದಾಡುವುದನ್ನು ನೋಡಿಯೇ ನಂಬಬೇಕು.

ಬಸ್ ಸ್ಟ್ಯಾಂಡಿನ ಹತ್ತಿರ ಚಾದ ಅಂಗಡಿ ಇಟ್ಟಿರುವ ಒಬ್ಬರ ಮಗಳು ಮಿಲಿಟ್ರಿ ಪೊಲೀಸಿಗೆ ಆಯ್ಕೆಯಾಗಿ ಬೆಂಗಳೂರಿನಲ್ಲಿ ಟ್ರೇನಿಂಗಿನಲ್ಲಿದ್ದಾಳೆ. ಮಗಳು! ಹಳಬರು ಹುಬ್ಬು ಏರಿಸಬೇಡಿ. ಬೆಂಗಳೂರಿನ ಮಿಲಿಟ್ರಿ ಪೊಲೀಸ್ ಸೆಂಟರಿನಲ್ಲಿ 61 ವಾರ ತರಬೇತಿ ಪಡೆದ 83 ಮಹಿಳೆಯರ ಮೊದಲ ತಂಡ 2021ರ ಮೇ 8ರಂದೇ ಹೊರಬಂತು. ಕೋವಿಡ್ ಕಾಲವಾದ್ದರಿಂದ ಸಮಾರಂಭ ಸರಳವಾಗಿ ನಡೆಯಿತು. ಚಿಲ್ಕಾದಲ್ಲಿ 2023ರ ಮಾರ್ಚ್ 28ರಂದು ಹೊರಬಂದ ನೌಕಾಪಡೆಯ ಮೊದಲ ಅಗ್ನಿವೀರರಲ್ಲಿ 273 ಮಂದಿ ಹುಡುಗಿಯರು.

ಚಾದ ಅಂಗಡಿಯವರ ಕಷ್ಟ ಇಷ್ಟೇ. ಭಾನುವಾರ ಫೋನು ಬಂದರೆ ಮೊದಲು ತಾಯಿ, ಆಮೇಲೆ ಅಜ್ಜಿ, ಆಮೇಲೆ ತಮ್ಮ. ಇವರ ಕೈಗೆ ಬರುವಷ್ಟರಲ್ಲಿ ವೇಳೆ ಮುಗಿದಿರುತ್ತದೆ. "ಊಟ ಆತೇನವಾ?" "ಆತಪ್ಪಾ." ಮುಗೀತು. ಮೂರು ಭಾನುವಾರ ಹೀಗಾದ ಮೇಲೆ ಅವರು ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ತಂದರು. ಬೆಲೆ ಎರಡೂವರೆ ರೂಪಾಯಿ, ಅವರ ಅಂಗಡಿಯ ಚಾಕ್ಕಿಂತ ಅಗ್ಗ. ಮಗಳಿಗೆ ಜನ್ಮದಲ್ಲಿ ಪತ್ರ ಬರೆದವರಲ್ಲ. ಏನು ಬರೀಬೇಕ್ರಿ ಅಂತ ಬಂದ ಗಿರಾಕಿಗಳನ್ನೆಲ್ಲ ಕೇಳಿದರಂತೆ. ಧೈರ್ಯದ ಮಾತು ಬರೆಯಿರಿ, ದೇಶಸೇವೆ ಅಂತ ಬರೆಯಿರಿ ಅಂದರು ಕೆಲವರು. ಇವರು ಬರೆದದ್ದು ಬೇರೆ: ಹಾಲಿನವ ನೀರು ಬೆರೆಸುತ್ತಾನೆ, ಅವನನ್ನು ಬಿಡಿಸಿದೆ. ಸ್ಟೋವ್ ರಿಪೇರಿ ಮಾಡಿಸಿದೆ. ನಿನ್ನ ಸೈಕಲ್ಲು ತಮ್ಮ ಕೆಡಿಸಿದ್ದಾನೆ. ಮಳೆ ಜೋರು.

ಎರಡು ವಾರಕ್ಕೆ ಉತ್ತರ ಬಂತು. ನಾಲ್ಕು ಪುಟ. ಪತ್ರವನ್ನು ರೂಮಿನಲ್ಲಿ ಎಲ್ಲರೂ ಓದಿದರಂತೆ, ಹಾಲಿನವನ ಸುದ್ದಿಗೆ ನಕ್ಕರಂತೆ. ಇನ್ನೂ ಬರಿ ಅಪ್ಪಾ, ಅಂಗಡಿಗೆ ಯಾರು ಯಾರು ಬರ್ತಾರ ಬರಿ ಅಂತ ಕೇಳಿದ್ದಾಳೆ. ಮೊದಲ ತಿಂಗಳು ರಾತ್ರಿ ಅಳುತ್ತಿದ್ದೆ, ಈಗ ಇಲ್ಲ ಎಂಬುದನ್ನೂ ಬರೆದಿದ್ದಾಳೆ. ಇದನ್ನು ಭಾನುವಾರದ ಫೋನಿನಲ್ಲಿ ಅವಳು ತಾಯಿಗೆ ಹೇಳಿರಲಿಲ್ಲ. ಹತ್ತು ಜನ ಸುತ್ತ ನಿಂತಾಗ ಹೇಗೆ ಹೇಳುತ್ತಾಳೆ?

ಇದು ಒಂದು. ಇನ್ನೊಂದು, ಈಗಿನ ಪತ್ರಗಳಲ್ಲಿ ಹೊಸ ಚಿಂತೆ ಸೇರಿದೆ. 2022ರ ಜೂನ್ 14ರಂದು ಅಗ್ನಿಪಥ ಘೋಷಣೆಯಾಯಿತು. ನಾಲ್ಕು ವರ್ಷದ ನೌಕರಿ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವಾನಿಧಿಗೆ ಹೋಗಿ ಕೈಗೆ 21,000. ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನ ಮುಂದುವರಿಯುತ್ತಾರೆ, ಉಳಿದವರಿಗೆ ಸುಮಾರು 11.71 ಲಕ್ಷದ ಸೇವಾನಿಧಿ ಕೊಟ್ಟು ಬೀಳ್ಕೊಡುಗೆ. ಮೊದಲ ತಂಡ ಟ್ರೇನಿಂಗಿಗೆ ಹೋದದ್ದು 2023ರ ಆರಂಭದ ಹೊತ್ತಿಗೆ. ಹಿಂದಿನ ತಂದೆ 'ಹದಿನೈದು ವರ್ಷ ತಾಳು, ಪೆನ್ಷನ್ ಬರುತ್ತದೆ' ಅಂತ ಬರೆಯುತ್ತಿದ್ದ. ಈಗಿನ ತಂದೆ ಏನು ಬರೆಯಬೇಕು? ಖಾನಾಪುರ ಕಡೆಯ ಒಬ್ಬ ರೈತರು ಮಗನಿಗೆ ಓಪನ್ ಯೂನಿವರ್ಸಿಟಿಯ ಪರೀಕ್ಷೆಯ ವಿಷಯ ಬರೆಯುತ್ತಾರೆ. ಅವನು ಫೈರಿಂಗಿನಲ್ಲಿ ಎಷ್ಟು ಗುಂಡು ಗುರಿಗೆ ಬಿತ್ತು ಅಂತ ಬರೆಯುತ್ತಾನೆ. ಇಬ್ಬರೂ ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಟ್ಟಿಲ್ಲ.

ಕಳಿಸುವವರಿಗೆ ಎರಡು ಮಾತು

ಹೊಸದಾಗಿ ಮಕ್ಕಳನ್ನು ಕಳಿಸಿದವರು ಕೇಳಿ. ಪತ್ರ ಮುಟ್ಟದೇ ಇರುವುದಕ್ಕೆ ಹೆಚ್ಚಿನ ಸಲ ಕಾರಣ ವಿಳಾಸ. ಹೆಸರು ಒಂದೇ ಬರೆದರೆ ಆಗದು. ಒಂದೇ ಹೆಸರಿನವರು ಒಂದು ಸೆಂಟರಿನಲ್ಲಿ ಎಷ್ಟೋ ಮಂದಿ. ಅವನ ನಂಬರು, ಹೆಸರು, ಪ್ಲಟೂನು, ಕಂಪನಿ, ಟ್ರೇನಿಂಗ್ ಬೆಟಾಲಿಯನ್, ಸೆಂಟರಿನ ಹೆಸರು, ಊರು, ಪಿನ್ ಕೋಡ್, ಇಷ್ಟೂ ಬೇಕು. ಒಳಗೆ ಕನ್ನಡದಲ್ಲೇ ಬರೆಯಿರಿ, ಹೊರಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಸಿ. ಜಬಲ್ಪುರದ ಟಪಾಲಿನವನು ನಮ್ಮ ಲಿಪಿ ಓದಲಾರ. ಅವನ ನಂಬರು, ಯುನಿಟ್ಟು, ಯೂನಿಫಾರಂ ಫೋಟೋ ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿ ಮೆರೆಯುವುದು ಬೇಡ, ಅದರಿಂದ ತೊಂದರೆ ಅವನಿಗೇ.

ಪಾರ್ಸಲ್ ಕಳಿಸುವ ಮೊದಲು ಸೆಂಟರಿನಲ್ಲಿ ತಿನಿಸು ಬಿಡುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಬಿಟ್ಟರೂ ಬೆಳಗಾವಿ ಕುಂದಾ ಬೇಡ, ಹಾಲಿನದು, ದಾರಿಯಲ್ಲೇ ಕೆಡುತ್ತದೆ. ಕಡಕ್ ರೊಟ್ಟಿ ಕಳಿಸಿದರೆ ಮುಟ್ಟುವುದು ರೊಟ್ಟಿಯ ಪುಡಿ. ಗೋಕಾಕದ ಕರದಂಟು, ಶೇಂಗಾ ಚಟ್ನಿ ಪುಡಿ ತಾಳುತ್ತವೆ. ರಿಜಿಸ್ಟರ್ ಮಾಡಿಸುತ್ತೇವೆ ಅಂತ ಹೋದವರಿಗೆ ತಿಳಿದಿರಲಿ, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ.

ಇನ್ನು ಕಸಂ ಪರೇಡಿಗೆ ಕರೆ ಬಂದರೆ ಸಾಲ ಮಾಡಿಯಾದರೂ ಹೋಗಿ ಬನ್ನಿ. ಧರ್ಮಗ್ರಂಥ ಮುಟ್ಟಿ ಹುಡುಗರು ಪ್ರಮಾಣ ಮಾಡುತ್ತಾರೆ. ಎಷ್ಟೋ ಸೆಂಟರುಗಳಲ್ಲಿ ತಂದೆ ತಾಯಿಯ ಎದೆಗೆ ಗೌರವ ಪದಕ ಹಾಕುತ್ತಾರೆ. ಮಗ ಎದುರಿಗೆ ಬಂದು ಸೆಲ್ಯೂಟ್ ಹೊಡೆದಾಗ ಇವನು ನಮ್ಮವನೇ ಹೌದೋ ಅಲ್ಲವೋ ಅಂತ ಎರಡು ಸಲ ನೋಡಬೇಕಾಗುತ್ತದೆ ಅಂದರು ಹೋಗಿ ಬಂದವರೊಬ್ಬರು.

ತೆಲುಗಿನ ಪತ್ರ

ಗೋಕಾಕದ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟ ಒಬ್ಬರು ತಮ್ಮ ಮಗನನ್ನು 1994ರಲ್ಲಿ ಸಿಕಂದರಾಬಾದಿಗೆ ಕಳಿಸುವಾಗ ಒಂದು ಉಪಾಯ ಮಾಡಿದ್ದರು. ಮಗ ಮೊದಲಿಂದ ಸೋಮಾರಿ. ಬರೆಯಲಿಕ್ಕೆ ನೆಪ ಹೇಳಬಾರದೆಂದು ಇಪ್ಪತ್ತು ಇನ್‌ಲ್ಯಾಂಡ್ ಕೊಂಡು, ಎಲ್ಲದರ ಮೇಲೆ ತಮ್ಮ ಅಂಗಡಿಯ ವಿಳಾಸದ ರಬ್ಬರ್ ಸ್ಟಾಂಪ್ ಹೊಡೆದು ಟ್ರಂಕಿನಲ್ಲಿಟ್ಟರು. ಮೂರು ಬಂದವು. ಆಮೇಲೆ ಐದು ವಾರ ಸುದ್ದಿಯಿಲ್ಲ. ಮನೆಯಲ್ಲಿ ಒಲೆ ಹೊತ್ತಿದರೂ ಊಟ ಮಾಡುವವರಿಲ್ಲ.

ನಾಲ್ಕನೆಯದು ಬಂತು, ಅದೇ ರಬ್ಬರ್ ಸ್ಟಾಂಪು. ಒಡೆದರೆ ಒಳಗೆ ಬೇರೆಯವರ ಕೈಬರಹ, ಅದೂ ತೆಲುಗು. ನಮಗೆ ತೆಲುಗಿನ ಪೀಕಲಾಟ ಗೊತ್ತೇ ಇದೆ: ಅಕ್ಷರದ ಗುರುತು ಹತ್ತುತ್ತದೆ, ಅರ್ಥ ಹತ್ತುವುದಿಲ್ಲ. ಮಗನ ಹೆಸರು ಓದಲು ಬಂತು. 'ಆಸ್ಪತ್ರಿ' ಓದಲು ಬಂತು. ಮುಂದಿನದು ತಿಳಿಯಲಿಲ್ಲ. ಅಂಗಡಿ ಹಾಗೇ ತೆರೆದಿಟ್ಟು ಅವರು ಪತ್ರ ಹಿಡಿದುಕೊಂಡು ಊರೆಲ್ಲ ಓಡಿದರು. ಕಡೆಗೆ ಮಾರ್ಕೆಟ್ಟಿಗೆ ಮೆಣಸಿನಕಾಯಿ ತಂದಿದ್ದ ಗುಂಟೂರಿನ ಲಾರಿಯ ಡ್ರೈವರ್ ಒಬ್ಬ ಸಿಕ್ಕ. ಲಾರಿಯ ಬಾನೆಟ್ಟಿನ ಮೇಲೆ ಪತ್ರ ಹರಡಿ, ಬಂದಷ್ಟು ಕನ್ನಡದಲ್ಲಿ ಹೇಳಿದ. ನಿಮ್ಮ ಹುಡುಗನಿಗೆ ಟೈಫಾಯಿಡ್ ಆಗಿತ್ತು. ಈಗ ಜ್ವರ ಬಿಟ್ಟಿದೆ, ಗಂಜಿ ಕುಡಿಯುತ್ತಿದ್ದಾನೆ. ಬರೆಯಲು ಕೈಯಲ್ಲಿ ಶಕ್ತಿಯಿಲ್ಲ. ನಾನು ಪಕ್ಕದ ಮಂಚದವನು. ನಿಮಗೆ ತಿಳಿಸಬೇಡ ಅಂದಿದ್ದಾನೆ, ಆದರೆ ನನ್ನ ಅಪ್ಪ ಆಗಿದ್ದರೆ ತಿಳಿಯಬೇಕು ಅನ್ನುತ್ತಿದ್ದ, ಅದಕ್ಕೆ ಅವನ ಟ್ರಂಕಿನಿಂದ ಒಂದು ಕಾಗದ ತೆಗೆದು ಬರೆದಿದ್ದೇನೆ.

ಡ್ರೈವರ್ ಚಾದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಪಾತ್ರೆ ಅಂಗಡಿಯವರು ಅದೇ ರಾತ್ರಿ ಬಸ್ಸು ಹಿಡಿದು ಮೀರಜಿಗೆ ಹೋಗಿ, ರೈಲು ಹತ್ತಿ ಸಿಕಂದರಾಬಾದ್ ಮುಟ್ಟಿ, ಮಗನ ಮುಖ ನೋಡಿ ಬಂದರು. ಪಕ್ಕದ ಮಂಚದವನಿಗೆಂದು ಎರಡು ಕಿಲೋ ಕರದಂಟು ಒಯ್ದಿದ್ದರು. ಮಗ ಈಗ ಪೆನ್ಷನ್ ಆಗಿ ಗೋಕಾಕದಲ್ಲೇ ಅಂಗಡಿ ನೋಡಿಕೊಳ್ಳುತ್ತಾನೆ. ತೆಲುಗಿನವನು ಶ್ರೀಕಾಕುಳಂ ಕಡೆ ಮನೆ ಕಟ್ಟಿಸಿದ್ದಾನೆ. ಗೃಹಪ್ರವೇಶಕ್ಕೆ ಬರಬೇಕೆಂದು ಕಾರ್ಡು ಬಂದಿದೆ, ಈ ಸಲವೂ ತೆಲುಗಿನಲ್ಲೇ.